ನರ ಹುಡುಕುವುದು

ರಕ್ತ ತೆಗೆಯುವ ಕೋಣೆಯಲ್ಲಿ ಹನ್ನೊಂದು ವರ್ಷ.
ಮುಖಗಳು ಮರೆತುಹೋಗುತ್ತವೆ, ತೋಳುಗಳು ನೆನಪಿರುತ್ತವೆ.

ಬೈಲಹೊಂಗಲದ ಕಡೆಯಿಂದ ಬರುವ ಮುದುಕಿಯರದು
ಮಣಿಕಟ್ಟಿನಿಂದ ಮೊಣಕೈತನಕ ಹಸಿರು:
ತೊಟ್ಟಿಲು, ಚೇಳು, ಸೀತೆಯ ಸೆರಗು,
ನೆರಿಗೆಯೊಳಗೆ ಮಡಚಿಹೋದ ಒಂದು ನವಿಲು.
ಹಸಿರು ನರ ಯಾವುದು, ಹಸಿರು ಹಚ್ಚೆ ಯಾವುದು,
ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಸೋಲುತ್ತದೆ.
ಬೆರಳೇ ಹುಡುಕಬೇಕು.
ನರ ಪುಟಿಯುತ್ತದೆ, ಹಚ್ಚೆ ಸುಮ್ಮನಿರುತ್ತದೆ.

ಹುಡುಗರದು ಕಪ್ಪು.
ಟಿಳಕವಾಡಿಯಲ್ಲಿ ಗಾಜಿನ ಬಾಗಿಲ ಅಂಗಡಿ,
ತಣ್ಣನೆಯ ಏಸಿ, ಇಂಚಿಗಿಷ್ಟು ಎಂದು ದರ.
ನಾಕು ತಾಸು ಅಲ್ಲಿ ಮಿಸುಕದೆ ಕೂತವರು
ನನ್ನ ಒಂದು ಸೂಜಿಗೆ ಮುಖ ತಿರುಗಿಸುತ್ತಾರೆ.

ನನ್ನ ಅವ್ವ ಉದ್ದ ತೋಳಿನ ಕುಬಸದವಳು,
ಬ್ಯಾಸಗಿಯಲ್ಲೂ.
ಕ್ಯಾಂಪಿನ ಸಾಲಿಯಲ್ಲಿ ಆಯಾ ಕೆಲಸ ಸಿಕ್ಕ ವರ್ಷ
ದೊಡ್ಡ ಟೀಚರು ಅಂದಿದ್ದರಂತೆ, ಬೈದಲ್ಲ, ನಕ್ಕೇ:
"ದುಂಡವ್ವಾ, ಮಕ್ಕಳು ಅಂಜತಾವ, ಕೈ ಮುಚ್ಚಿಕೊಂಡು ಬಾ."
ಮುಚ್ಚಿಕೊಂಡಳು. ಅದೂ ಸಾಲದಾಯಿತು.
ಒಂದು ರಾತ್ರಿ ಸುಣ್ಣಕ್ಕೆ ಗೇರೆಣ್ಣೆ ಕಲಸಿ
ಹಲ್ಲು ಕಚ್ಚಿ ತಿಕ್ಕಿಕೊಂಡಳು.
ಗುಳ್ಳೆ, ಕೀವು, ಹದಿನೈದು ದಿನ ಪಗಾರ ಕಟ್.
ಮೇಲೊಂದು ಕಂದು ಕಲೆ ಬಂತು,
ಅದರ ಕೆಳಗೆ ಚೇಳು ಬದುಕಿಯೇ ಇತ್ತು.
ನನ್ನ ಗದ್ದಕ್ಕೆ ಒಂದು ಚುಕ್ಕೆಯನ್ನೂ ಇಡಗೊಡಲಿಲ್ಲ.

ಮೊನ್ನೆ ಸೋಮವಾರ ಬಂದವನು ಉದ್ದಣ್ಣ.
ಒಳಗೆ ಅವನ ಅಜ್ಜಿ, ಸೊಂಟದ ಎಲುಬು ಮುರಿದು.
ತಾನೇ ರಕ್ತ ಕೊಡುತ್ತೇನೆಂದು ತೋಳು ಏರಿಸಿದ.
ಏರಿಸಿದ ಕೂಡಲೇ ಕಂಡಿತು.
"ಎಂದ ಹಾಕ್ಸಿದಿ?"
"ಉಗಾದಿಗೆ ರೀ."
ಮೂರು ತಿಂಗಳೂ ತುಂಬಿಲ್ಲ.
"ಆಗೂದಿಲ್ಲ ತಮ್ಮಾ, ವರ್ಷ ಆಗಬೇಕು."
"ಅಕ್ಕಾರ, ಏನ್ ಬರದೈತಿ ಒಮ್ಮಿ ಓದ್ರಿ."
ಓದಿದೆ. ಬಾಳವ್ವ.
ವಾರ್ಡಿನ ಚೀಟಿಯಲ್ಲೂ ಅದೇ ಹೆಸರು.
ಫಾರ್ಮಿನ ಆ ಸಾಲಿಗೆ ಗೆರೆ ಎಳೆದೆ.
ಅವನ ಗೆಳೆಯ ದಸ್ತಗೀರ ಕೊಟ್ಟ,
ಅಮ್ಮೀಗೆ ಹೆದರಿ ತೋಳು ಬೋಳು ಇಟ್ಟುಕೊಂಡವನು.

ಹೊಂದಿಸಿ ನೋಡಲೆಂದು ಮುದುಕಿಯ ಕೈ ಹಿಡಿದೆ.
ಹಸಿರೋ ಹಸಿರು.
"ಹುಡುಗನ್ನ ಯಾಕ ಒಲ್ಲೆ ಅಂದಿ?"
ಹೇಳಿದೆ: ಸೂಜಿ, ಸೋಂಕು, ಕಾಮಾಲೆ.
ನಕ್ಕಳು. ಸೊಂಟ ನೊಂದಿತು. ಮತ್ತೂ ನಕ್ಕಳು.
"ನಮ್ಮ ಕಾಲಕ್ಕ ಹಚ್ಚಿ ಇಲ್ಲದಾಕಿ ಕೈಯಾನ ನೀರ ಕುಡೀತಿರಲಿಲ್ಲ.
ನನ್ನ ಬೋಳಗೈ ನೋಡಿ ನಮ್ಮತ್ತಿ ತಂಬಿಗಿ ಹೊಳ್ಳಿಸಿ ಇಟ್ಳು.
ಮರುದಿನಾನ ಹಚ್ಚಿ ಹಾಕಾಕಿ ಬಂದ್ಳು, ಸೇರು ಜ್ವಾಳಕ್ಕ.
ಗರಗದ ಸೊಪ್ಪು, ದೀಪದ ಕಾಡಿಗಿ, ಮೂರ ಸೂಜಿ ಕೂಡಿಸಿ ಕಟ್ಟಿ.
ಅತ್ತರ ಬಾಯಾಗ ಬೆಲ್ಲ ತುರುಕಿದ್ರು.
ಈಗ ನೋಡು, ಹಚ್ಚಿ ಇದ್ದವನ ರಕ್ತ ಮುಟ್ಟಂಗಿಲ್ಲ ಅಂತೀರಿ.
ಚಲೋ ಆತು ಬಿಡು. ಅಂವಗೂ ಒಂದೀಟು ಗೊತ್ತಾಗ್ಲಿ."
ಏನು ಗೊತ್ತಾಗಬೇಕೆಂದು ನಾನು ಕೇಳಲಿಲ್ಲ.

"ನಿನ್ನ ಕೈ ತೋರ್ಸು."
ಕೈಗವಸು ಕಳಚಿದೆ.
ಹೊಳ್ಳಿಸಿ ಮುಳ್ಳಿಸಿ ನೋಡಿದಳು,
ಬಿತ್ತದೆ ಬಿಟ್ಟ ಪಟ್ಟಿಯನ್ನು ನೋಡಿದ ಹಾಗೆ.
"ಯಾರ ಮಗಳ ನೀ?"

ರಾತ್ರಿ ಕರೆಂಟು ಹೋಗಿತ್ತು.
ಅವ್ವ ಹೊಸ್ತಿಲ ಹತ್ತಿರ ಸೆಕೆಗೆ ತೋಳು ಏರಿಸಿಕೊಂಡು
ಗೋಡೆಗೆ ಒರಗಿ ತೂಕಡಿಸುತ್ತಿದ್ದಳು.
ಕತ್ತಲಲ್ಲಿ ಆ ಸುಟ್ಟ ಚರ್ಮದ ಮೇಲೆ ಬೆರಳಿಟ್ಟೆ.
ನುಣುಪು, ಆಮೇಲೆ ಉಬ್ಬು, ಆಮೇಲೆ ನುಣುಪು.
ಒತ್ತಿದಲ್ಲಿ ನರ ಪುಟಿಯಿತು.
"ಏನ ಹುಡುಕತಿ?" ಅಂದಳು, ಕಣ್ಣು ತೆರೆಯದೆ.
ಏನೂ ಇಲ್ಲ ಅಂದೆ.
ಎದುರುಮನೆಯ ಬಲ್ಬು ಹತ್ತಿಕೊಂಡಿತು.
"ಲೈಟ್ ಬಂತೇನ?" ಅಂದಳು,
ತೋಳು ಕೆಳಗೆ ಎಳೆದುಕೊಳ್ಳುತ್ತ.