ಬರೀ ನೀರೇನ?

ಮಹಾಲಿಂಗಪುರದಿಂದ ರಬಕವಿಗೆ ಟಂಟಂದಾಗ ಬಂದವು,
ಟೊಮ್ಯಾಟೊ ಕ್ರೇಟಿನೊಳಗ, ಮ್ಯಾಲ ಒದ್ದಿ ಗೋಣಿಚೀಲ.
ಹನ್ನೆರಡು ಮೊಲದ ಮರಿ. ಆರು ವಾರದ್ದು.
ಇಳಿಸಿದಾಗ ಒಂದೂ ಮಿಸುಕಲಿಲ್ಲ,
ಮೂಗಷ್ಟ ನಡಗತಿದ್ದವು.

ಕೊಟ್ಟವ ಇಮಾಮಹುಸೇನ
ಒಂದ ಮಾತು ಮೂರು ಸಲ ಹೇಳಿದ್ದ:
"ಇವತ್ತ ಪ್ರೀತಿ ಮಾಡಬ್ಯಾಡ್ರಿ ಅಕ್ಕಾರ.
ನೀರಿಡ್ರಿ, ಒಣ ಹುಲ್ಲಿಡ್ರಿ,
ನಾ ಕಟ್ಟಿಕೊಟ್ಟ ಗುಳಿಗಿ ಮೇವು ಒಂದ ಹಿಡಿ.
ಹೊಸಾ ಕಾಳು ಬ್ಯಾಡ, ಹಸಿ ಸೊಪ್ಪು ಬ್ಯಾಡ.
ಊರು ಬದಲಾದದ್ದು ಹೊಟ್ಟಿಗೆ ತಿಳಿಯೂದಕ್ಕ
ಎಂಟು ದಿನ ಹಿಡೀತದ."

ಕುಣಿಮಗ್ಗ ಮಾರಿ ಏಳು ವರ್ಷಾತು.
ಕುಣಿ ಮ್ಯಾಲ ಹಲಗಿ, ಹಲಗಿ ಮ್ಯಾಲ ಇಟ್ಟಿಗಿ,
ಇಟ್ಟಿಗಿ ಮ್ಯಾಲ ಜಾಳಗಿ ಪಂಜರ.
ಗ್ವಾಡಿ ಆಚಿ ನಮ್ಮವರ ಎರಡು ಪವರ್‌ಲೂಮು,
ಖಟಾಪಟ ಖಟಾಪಟ, ನಡುರಾತ್ರಿ ತನಕ.
ಲಾಳಿ ಬಡಿದಾಗೊಮ್ಮೆ
ಹನ್ನೆರಡೂ ಒಂದ ಮೈಯಾಗಿ ಮೂಲಿಗೆ ಒತ್ತತಿದ್ದವು.

ಅತ್ತಿ ಹೊಚ್ಚಲದ ಮ್ಯಾಲ ಕುಂತು ಕೇಳಿದಳು:
"ಬಿಸಲಾಗ ಬಂದಾವ. ಬರೀ ನೀರೇನ?
ಗುರುತಿಲ್ಲದವರು ಬಂದರೂ
ಒಂದು ಚೂರು ಬೆಲ್ಲ ಕೊಡತೀವಿ."

ನಾ ಮಣ್ಣಿನ ಬಟ್ಟಲಾ ತಂತಿಗೆ ಬಿಗಿದು ಕಟ್ಟಿದೆ, ಉರುಳಬಾರದಂತ.
ಹುಲ್ಲು ಮೂಸಿ ನೋಡಿದೆ, ಬೂಸರ ವಾಸನಿ ಇಲ್ಲ.
ಗೋಣಿ ಇಳಿಬಿಟ್ಟು ಬೆಳಕು ಅರ್ಧ ಮುಚ್ಚಿದೆ.
ಆಮ್ಯಾಲ ಮಾಡೂದೇನೂ ಉಳೀಲಿಲ್ಲ.
ಏನೂ ಮಾಡದ ಇರೂದು ಎಂಥಾ ದಗದ!
ಕೈ ಕಂಡಿಕಿ ಸುತ್ತತಿತ್ತು, ಕಿವಿ ಆ ಕಡೆ.

ಮರುದಿನ ಮುಂಜಾನೆ ಪಂಜರದ ಕೆಳಗ ಹಿಕ್ಕಿ,
ಗುಂಡಗ, ಒಣಗಿದ್ದು, ಕಡ್ಲಿಕಾಳಿನಂಗ.
ಹಿಕ್ಕಿ ನೋಡಿ ಕೈ ಮುಗಿದಾಕಿ
ಈ ಓಣ್ಯಾಗ ನಾ ಒಬ್ಬಾಕಿನ ಇರಬೇಕು.

ಮೂರನೇ ದಿನ ಒಂದು ಅಡ್ಡ ಬಿದ್ದಿತ್ತು.
ಹೊಟ್ಟಿ ಬಿಗಿದು ಹಲಗಿ ಆಗಿತ್ತು.
ಬಾಯಿ ಮೂಲ್ಯಾಗ ಹಸರು ಎಳಿ.
ನೂಲಂತ ಹಿಡಿದು ಎಳದೆ.
ನೂಲಲ್ಲ, ಕುದರಿಮಸಾಲಿ.

ಅತ್ತಿ ಆ ದಿನ ಚಾ ಕುಡೀಲಿಲ್ಲ.
ನಾನೂ ಕೇಳಲಿಲ್ಲ.
ಹಿತ್ತಲದಾಗ ಮಣ್ಣು ತೋಡುವಾಗ ಬಂದು ನಿಂತಳು,
ಸೆರಗಿನ ಗಂಟು ಬಿಚ್ಚಿ
ಒಂದು ಚೂರು ಬೆಲ್ಲ ತಗ್ಗಿನ್ಯಾಗ ಹಾಕಿ
ಹಿಂದ ನೋಡದ ಹ್ವಾದಳು.

"ಮೂರು ತಿಂಗಳಿಗೆ ಎರಡು ಕಿಲೋ ಆದವಂದ್ರ
ಜಮಖಂಡಿ ಖಾನಾವಳಿಯವ ಬಂದ ಒಯ್ಯತಾನ.
ಕೊಯ್ಯೂದಕ್ಕ ತಂದದ್ದಕ್ಕ ಯಾಕ ಇಷ್ಟು?"
ನಮ್ಮವರು ಕೇಳಿದ್ದು ತಪ್ಪಲ್ಲ.
ಕೊಯ್ಯೂದು ಬ್ಯಾರೆ, ಹಿಂಗ ಸಾಯೂದು ಬ್ಯಾರೆ
ಅನ್ನಬೇಕಂದೆ. ಲೂಮಿನ ಸಪ್ಪಳದಾಗ ಕೇಳಸತಿರಲಿಲ್ಲ.

ಹೆಸರಂತೂ ಇಡಲಿಲ್ಲ.
ನೂಲಿನ ಬಣ್ಣ ಅದ್ದಿ ಕಿವಿಯೊಳಗ ಚುಕ್ಕಿ ಇಟ್ಟೆ:
ದಾಳಿಂಬ್ರಿ, ಗಿಣಿಹಸರು, ನೇರಳಿ, ಅರಿಷಿಣ.
ಹೆಸರಲ್ಲ ಅವು, ಲೆಕ್ಕ.
ಆ ಲೆಕ್ಕವನ್ನ ಅತ್ತಿ
"ಬಾ ನೇರಳಿ" ಅಂತ ಕರೀಲಿಕ್ಕೆ ಹತ್ಯಾಳ.

ನೂಲು ತೂಗೂ ತಕ್ಕಡ್ಯಾಗ ಕೂಡಿಸಿ ತೂಗಿದೆ.
ಏಳುನೂರು ಇದ್ದದ್ದು ಒಂಬೈನೂರ ಹತ್ತು.
ಎಂಟನೇ ದಿನ ಅತ್ತಿ, ಬಾಗಲಾ ದಾಟದ, "ಈಗ?" ಅಂದಳು.
"ಬಾಡಿಸಿದ್ದು. ತಲಿಗೆ ಎರಡ ಎಲಿ."
ಇಪ್ಪತ್ತೆರಡು ಎಲಿ ಎಣಿಸಿ
ಪರಾತದಾಗ ಹರವಿ ತಂದಳು,
ಸಾಲ ತೀರಿಸಾಕಿಯಂಗ.

ರಾತ್ರಿ ಹತ್ತೂವರಿಗೆ ಕರೆಂಟು ಹ್ವಾತು.
ಗಪ್ಪನ ಎರಡೂ ಲೂಮು ನಿಂತವು.
ಕಾಲು ಚಾಚಿ ಮಲಗಿದ್ದ ಹನ್ನೊಂದೂ
ದಡಕ್ಕನ ಎದ್ದವು, ಕಿವಿ ನೆಟ್ಟಗ,
ಬಾಯಾಗಿನ ಹುಲ್ಲು ಬಾಯಾಗ.
ಗ್ವಾಡಿ ಈಚಿ ನಾನೂ ಎದ್ದು ಕುಂತಿದ್ದೆ.
ಚಿಕ್ಕೋಡಿಯಿಂದ ಬಂದ ಮೊದಲ ವಾರ
ಈ ಸಪ್ಪಳಕ್ಕ ಕಣ್ಣು ಹತ್ತಿರಲಿಲ್ಲ ನನಗ.

ಕತ್ತಲ್ಯಾಗ ಅತ್ತಿ ಕೆಮ್ಮಿದಳು.
ಯಾರೂ ಏನೂ ಅನ್ನಲಿಲ್ಲ.
ಬಂತು ಕರೆಂಟು. ಖಟಾಪಟ.
ದಾಳಿಂಬ್ರಿ ಚುಕ್ಕಿಯದು ಮೊದಲು ಜಗಿಯಲಿಕ್ಕೆ ಹತ್ತಿತು.