ಷರಾ

ಮಡಗಾಂವ, ಕಿವಿ-ಮೂಗು-ಗಂಟಲು ವಿಭಾಗ, ಮಂಗಳವಾರ.
ಹುಸೇನಬಿ, ಐವತ್ತಮೂರು. ವಾಸ್ಕೋದಲ್ಲಿ ಸಿಗಡಿ ಸುಲಿಯುತ್ತಾಳೆ.
ಜ್ವರ ಬಿಟ್ಟು ಏಳು ತಿಂಗಳು.

ಕೊಂಕಣಿಯಲ್ಲಿ ಕೇಳಿದೆ,
ಉತ್ತರ ಮುದಗಲ್ಲಿನ ಕನ್ನಡದಲ್ಲಿ ಬಂತು.
ನಾನೂ ಹೊರಳಿದೆ.

ಹನ್ನೆರಡು ಸೀಸೆ, ಒಂದೊಂದಕ್ಕೂ ನಾಲ್ಕು ಆಯ್ಕೆ:
ಅನಾನಸೋ, ಗುಲಾಬಿಯೋ, ಚಾಕೊಲೇಟೋ, ಟರ್ಪೆಂಟೈನೋ?
‘ಟರ್ಪಂಟಾ ಅಂದ್ರ ಯಾವ ಹೂವ್ರೀ?’
ಏನೂ ಇಲ್ಲ ಅನ್ನುವುದಕ್ಕೆ ಮನೆಯಿಲ್ಲ ನಮೂನೆಯಲ್ಲಿ,
ಒಂದನ್ನು ಆರಿಸಲೇಬೇಕು.
ಕಣ್ಣುಮುಚ್ಚಿ ಆರಿಸಿದಳು, ನನ್ನ ಮೇಲಿನ ಕನಿಕರಕ್ಕೆ.

ನಾಲಿಗೆಗೆ ಹನಿ ಬಿಟ್ಟೆ:
ಉಪ್ಪು, ಹುಳಿ, ಸಿಹಿ, ಕಹಿ, ನಾಲ್ಕೂ ಸರಿ.
‘ಹಂಗಾದ್ರ ಸಾರು ಯಾಕ ಬಿಸಿನೀರಾಗೇತ್ರೀ?’
ಸಾರಿನ ಮುಕ್ಕಾಲು ಮೂಗಿನಲ್ಲಿರುತ್ತದೆ ಎಂದೆ.
ನಕ್ಕಳು, ಸುಳ್ಳು ಹೇಳುವ ಮಗುವಿಗೆ ನಕ್ಕ ಹಾಗೆ.

ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ, ತಾನಾಗಿಯೇ:
ಗ್ಯಾಸು ಸೋರಿದ್ದು ಪಕ್ಕದ ಮನೆಯವರಿಗೆ ಮೊದಲು ಗೊತ್ತಾಯಿತಂತೆ.
ಸಂಜೆ ಬಸ್ಸಿನಲ್ಲಿ
ಜನ ಸರಿದು ಕೂತಾಗಲೇ ತಿಳಿಯುವುದಂತೆ
ಕೈ ಇನ್ನೂ ಸರಿಯಾಗಿ ತೊಳೆದಿಲ್ಲವೆಂದು.

ಹನ್ನೆರಡಕ್ಕೆ ಮೂರು.
ಸಹಿ, ಮೊಹರು.
ಷರಾ ಎಂದಿರುವಲ್ಲಿ ಅರ್ಧ ಇಂಚು ಜಾಗ.
ಬರೆದೆ:
ಬಸ್ಸು.