ಎಡಕ್ಕೆ ಕೂರುವವನು

ನನ್ನ ಕುರ್ಚಿ ಯಾವಾಗಲೂ ಅವಳ ಎಡಕ್ಕೆ.
ಡಾಕ್ಟರ ಅಪ್ಪಣೆ: ಎಡದಿಂದಲೇ ಮಾತಾಡಿಸಿ,
ಎಡದಿಂದಲೇ ನೀರು ಕೊಡಿ,
ಪಾಪ ಅಂತ ಬಲಕ್ಕೆ ಹೋಗಿ ನಿಲ್ಲಬೇಡಿ.
ನಲವತ್ತೊಂದು ದಿನವಾಯಿತು,
ಸೆತೂಬಲ್ ಆಸ್ಪತ್ರೆಯ ಈ ನೆಲಮಾಳಿಗೆಯಲ್ಲಿ
ಇದ್ದೂ ಇಲ್ಲದವನಾಗಿ ಕೂತಿದ್ದೇನೆ.

ಕಣ್ಣಿಗೆ ಏನೂ ಆಗಿಲ್ಲವಂತೆ.
ಕಣ್ಣು ಎಲ್ಲವನ್ನೂ ಹೊತ್ತು ತರುತ್ತದಂತೆ,
ಪೆಟ್ಟು ತಿಂದ ಮಿದುಳು ಬಾಗಿಲಲ್ಲೇ ತಡೆದು
ಎಡಗಡೆಯದನ್ನಷ್ಟೇ ವಾಪಸು ಕಳಿಸುತ್ತದಂತೆ,
ವಿಳಾಸ ತಪ್ಪಿದ ಕಾಗದದ ಹಾಗೆ.

ಗಡಿಯಾರ ಬರೆಯಿರಿ ಎಂದಾಗ
ದಿಯೊಲಿಂದಾ ದುಂಡಗೆ ಬರೆದಳು,
ಹನ್ನೆರಡು, ಒಂದು, ಎರಡು... ಆರಕ್ಕೆ ನಿಲ್ಲಿಸಿ
ಮುಗಿಯಿತು ಎಂದು ಪೆನ್ನು ಕೆಳಗಿಟ್ಟಳು.
ಫೆರ್ರಿಯ ಎಂಜಿನ್ ಆರಿಸಿ, ಕೈಯ ಗ್ರೀಸು ತೊಳೆದು
ನಾನು ಮನೆ ಸೇರುತ್ತಿದ್ದದ್ದು ಏಳಕ್ಕೆ.

ಅರ್ಧ ತಟ್ಟೆ ಉಂಡು, "ಇಷ್ಟೇನಾ?" ಎಂದು ಸಿಡುಕುತ್ತಾಳೆ.
ನಾನು ಮಾತಾಡದೆ ತಟ್ಟೆ ತಿರುಗಿಸುತ್ತೇನೆ.
ಓ, ಆಲೂಗಡ್ಡೆ! ಓ, ಮೀನು!
ನಲವತ್ತೊಂಬತ್ತು ವರ್ಷದಲ್ಲಿ
ನಾನು ಅವಳಿಗೆ ಬಡಿಸಿದ ಊಟ ಇದೊಂದೇ.
ಮಡಿಲಲ್ಲಿ ಬಿದ್ದ ಸ್ವಂತ ಎಡಗೈ ಮುಟ್ಟಿ
"ಯಾರೋ ಇಲ್ಲೇ ಬಿಟ್ಟು ಹೋಗಿದ್ದಾರೆ" ಅನ್ನುತ್ತಾಳೆ,
ಬಸ್ಸಿನಲ್ಲಿ ಛತ್ರಿ ಸಿಕ್ಕವರ ಹಾಗೆ.

ಆಮೇಲೆ ಆ ಕಪ್ಪು ಕನ್ನಡಕ ಬಂತು.
ಕನ್ನಡಕವೆಂದರೆ ಕನ್ನಡಕವಲ್ಲ,
ಮುಖಕ್ಕೆ ಕಟ್ಟುವ ಒಂದು ಡಬ್ಬಿ.
ಜುಡಿತ್ ಎಂಬ ಹುಡುಗಿ ಸ್ಪಿರಿಟ್ಟಿನಲ್ಲಿ ಒರೆಸಿ
ಪಟ್ಟಿ ಬಿಗಿದಳು. ಮೊದಲ ದಿನ ಒಳಗೆ ಸಂತೆಯಿತ್ತು.
ಇವಳು ಟೊಮೆಟೊ ಎತ್ತಿ, ಮೂಸಿ,
"ವಾಸನೆಯೇ ಇಲ್ಲ, ಚಿಕ್ಕಾಸೂ ಕೊಡಲ್ಲ" ಎಂದು
ಗಾಳಿಯೊಂದಿಗೆ ಜಗಳ ತೆಗೆದಳು.

"ಯಾವ ಕೆಲಸದಲ್ಲಿದ್ದರು?" ಜುಡಿತ್ ಕೇಳಿದಳು.
ಸಾರ್ಡೀನ್ ಕಾರ್ಖಾನೆ, ಎಂದೆ. ಹದಿನಾಲ್ಕನೆಯ ವಯಸ್ಸಿಗೆ.
ದೋಣಿ ಬಂದಾಗ ಸೈರನ್ ಕೂಗುತ್ತಿತ್ತು,
ನಡುರಾತ್ರಿಯಾದರೂ ಎದ್ದು ಓಡಬೇಕು,
ತಲೆ ಚಿವುಟಿ, ಒಂದರ ಬಾಲಕ್ಕೆ ಇನ್ನೊಂದರ ಕುತ್ತಿಗೆ ಕೂಡಿಸಿ
ಡಬ್ಬಿಗೆ ತುಂಬಬೇಕು. ಕಾರ್ಖಾನೆ ಈಗಿಲ್ಲ.
ಪಾರ್ಸೆಲ್ ಹಿಡಿಯುವ ಆಟವೊಂದು ಯಂತ್ರದಲ್ಲಿತ್ತು,
ಹುಡುಗಿ ಎರಡು ರಾತ್ರಿ ಕೂತು
ಪಾರ್ಸೆಲ್ಲಿಗೆಲ್ಲ ಕಿವಿರು ಮೂಡಿಸಿದಳು.

ಈಗ ಎಡದಿಂದ ಮೀನು ಬರುತ್ತವೆ.
ನನಗೆ ಗೋಡೆಯ ಪರದೆಯಲ್ಲಿ ಕಾಣುತ್ತದೆ
ಅವಳು ಕಾಣುವುದು, ಕಾಣದ್ದು ಎರಡೂ.
ಬೆಳ್ಳಗೆ ಜಾರಿ, ಅಂಚು ದಾಟಿ, ಬೀಳುತ್ತವೆ.
ಇಪ್ಪತ್ತಕ್ಕೆ ಮೂರು. ಇಪ್ಪತ್ತಕ್ಕೆ ಎರಡು.
"ಈ ಪಾಳಿಯವರು ಸೋಂಬೇರಿಗಳು" ಎಂದು ಬೈದಳು.

ಇವತ್ತು ಜುಡಿತ್ ಸೈರನ್ ಹಾಕಿದಳು.

ಎಡಗಿವಿಯ ಹತ್ತಿರ, ಸಣ್ಣಗೆ.
ದಿಯೊಲಿಂದಾಳ ಬೆನ್ನು ನೆಟ್ಟಗಾಯಿತು.
ಕತ್ತು ತುಕ್ಕು ಹಿಡಿದ ತಿರುಪಿನಂತೆ
ಒಂದೊಂದೇ ಸುತ್ತು ಬಂತು,
ನಡುಗೆರೆ ದಾಟಿತು, ಇನ್ನೂ ಬಂತು,
ನನ್ನ ಎದುರಿಗೇ ಬಂದು ನಿಂತಿತು.
ನಲವತ್ತೊಂದು ದಿನದಲ್ಲಿ ಮೊದಲ ಸಲ
ನನ್ನ ಹೆಂಡತಿ ನನ್ನತ್ತ ಮುಖ ಮಾಡಿದ್ದಾಳೆ,
ಆ ಮುಖಕ್ಕೋ ಪ್ಲಾಸ್ಟಿಕ್ಕಿನ ಕದ,
ಕದದ ಒಳಗೆ ನಾನಿಲ್ಲ, ಮೀನಿದೆ.
ನೀರೇ ಕಾಣದ ಮೀನಿನ ಮೇಲೆ
ಹೊಟ್ಟೆಕಿಚ್ಚು ಪಟ್ಟೆ, ಸುಳ್ಳೇಕೆ ಹೇಳಲಿ.

ಬಲಗೈ ಚಾಚಿದಳು. ಬೆರಳ ಗೆಣ್ಣು ನನ್ನ ಮೂಗಿನ ಕೆಳಗೆ ತಾಗಿತು.
ತಡವಿ ನೋಡಿದಳು. ತಡೆದಳು.
"ಜುಡಿತ್, ಈ ಮೀನಿಗೆ ಮೀಸೆ ಇದೆ."

ನಗು ತಡೆಯಲು ಹುಡುಗಿ ಗೋಡೆಯ ಕಡೆ ತಿರುಗಿದಳು.
ನಾನು ಉಸಿರಾಡಲಿಲ್ಲ.

ಇಪ್ಪತ್ತಕ್ಕೆ ಒಂಬತ್ತು.
ಕನ್ನಡಕ ಕಳಚಿದಾಗ ಹಣೆಯಲ್ಲಿ ಕೆಂಪು ಗೆರೆ,
ಕಣ್ಣು ಮತ್ತೆ ಬಲಕ್ಕೆ ಸರಿದು ಬಾಗಿಲು ಹುಡುಕಿದವು.
"ನಮ್ಮವರು ಇವತ್ತೂ ಬರಲಿಲ್ಲವೇ?"
ಬಂದಿದ್ದೇನೆ, ಎಂದೆ.
ಅವಳು ಬಾಗಿಲನ್ನೇ ನೋಡುತ್ತ ತಲೆಯಾಡಿಸಿದಳು.

ಜುಡಿತ್ ಡಬ್ಬಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು,
ಸಾರುವೆಯಿಂದ ಬಿದ್ದ ಹುಡುಗನೊಬ್ಬ ಹೊರಗೆ ಕಾಯುತ್ತಿದ್ದ.
ನಾನು ಕುರ್ಚಿಯನ್ನು ಒಂದು ಗೇಣು ಹತ್ತಿರಕ್ಕೆಳೆದೆ.
ಎಡಕ್ಕೇ.